ಮುಂದೆ ಮನೆ, ಹಿಂದೆ ಜೀಪು: ನಾಲ್ಕೂ ಚಕ್ರ ನೆಲದ ಮೇಲಿರಿಸಿ ಎಳೆಯುವುದು ಹೇಗೆ?

ಅಮೆರಿಕದ ಹೆದ್ದಾರಿಗಳಲ್ಲಿ ಬಸ್ಸಿನಷ್ಟು ದೊಡ್ಡದಾದ ಮೋಟಾರ್‌ಹೋಮ್‌ನ ಬೆನ್ನಿಗೆ ಹಳೆಯ ಜೀಪೊಂದು ಅಂಟಿಕೊಂಡಂತೆ ಓಡಿ ಬರುವ ದೃಶ್ಯ ಅಪರೂಪದ್ದಲ್ಲ. ಜೀಪಿನ ಚಾಲಕನ ಆಸನ ಖಾಲಿಯಾಗಿರುತ್ತದೆ, ಎಂಜಿನ್ ಬಂದ್ ಆಗಿರುತ್ತದೆ. ಆದರೂ ನಾಲ್ಕೂ ಚಕ್ರಗಳು ಉರುಳುತ್ತಿರುತ್ತವೆ. ತಿರುವು ಬಂದಾಗ ಮುಂದಿನ ಚಕ್ರಗಳು ತಾವಾಗಿಯೇ ಆ ಕಡೆಗೆ ಹೊರಳುತ್ತವೆ. ಮೊದಲ ಬಾರಿ ನೋಡುವವರಿಗೆ ಭೂತಚೇಷ್ಟೆಯಂತೆ ಕಾಣುವ ಈ ಪದ್ಧತಿಗೆ ಅಲ್ಲಿನವರು ‘ಫ್ಲ್ಯಾಟ್ ಟೋಯಿಂಗ್’ ಎನ್ನುತ್ತಾರೆ. ಎಳೆಯಲ್ಪಡುವ ವಾಹನಕ್ಕೆ ‘ಡಿಂಗಿ’ ಎಂಬ ಹೆಸರೂ ಉಂಟು. ಹಡಗಿನ ಹಿಂದೆ ಕಟ್ಟಿದ ಪುಟ್ಟ ದೋಣಿಯ ಹೆಸರದು. ಇನ್ನು ಕೆಲವರು ‘ಟೋಡ್’ ಎಂದು ತಮಾಷೆ ಮಾಡುತ್ತಾರೆ. ಎಳೆಯಲ್ಪಟ್ಟದ್ದು ಎಂಬುದಕ್ಕೂ ಕಪ್ಪೆ ಎಂಬುದಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ.

ಮೋಟಾರ್‌ಹೋಮ್ ಎಂದರೆ ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನೆಲ್ಲ ಹೊತ್ತ ಚಕ್ರದ ಮೇಲಿನ ಮನೆ. ಮೂವತ್ತು, ನಲವತ್ತು ಅಡಿ ಉದ್ದದ ಈ ಮನೆಯನ್ನು ಒಮ್ಮೆ ತಂಗುದಾಣದಲ್ಲಿ ನಿಲ್ಲಿಸಿ ನೀರು, ವಿದ್ಯುತ್ ಸಂಪರ್ಕ ಕೊಟ್ಟ ಮೇಲೆ ಒಂದು ಪ್ಯಾಕೆಟ್ ಹಾಲು ತರಲು ಅದನ್ನೇ ಹೊರಡಿಸುವುದು ಸಾಧ್ಯವಿಲ್ಲ. ಆದುದರಿಂದ ಚಿಕ್ಕ ವಾಹನವೊಂದು ಜೊತೆಗಿರಬೇಕು. ಅದು ಹಳೆಯ ಫೋರ್-ವೀಲ್ ಡ್ರೈವ್ ಜೀಪೇ ಆಗಿದ್ದರೆ ಇನ್ನೊಂದು ಲಾಭವಿದೆ. ಯೂಟಾ ರಾಜ್ಯದ ಮೋಆಬ್ ಪಟ್ಟಣದ ಬಂಡೆಗಳ ಮೇಲೆ 1967ರಿಂದ ಈಸ್ಟರ್ ಸಮಯದಲ್ಲಿ ಜೀಪ್ ಸಫಾರಿ ನಡೆಯುತ್ತ ಬಂದಿದೆ. ಕೊಲೊರಾಡೊದ ಊರೇ ಪಟ್ಟಣದ ಸಮೀಪ 13,114 ಅಡಿ ಎತ್ತರದ ಇಮೊಜೀನ್ ಕಣಿವೆದಾರಿಯಿದೆ. ಇಂಥ ಹಾದಿಗಳಿಗೆ ಮೋಟಾರ್‌ಹೋಮ್ ಮುಖ ಹಾಕಲಾರದು, ಜೀಪು ಹತ್ತುತ್ತದೆ.

ಆದರೆ ಜೀಪನ್ನು ಕಟ್ಟಿ ಎಳೆದುಬಿಟ್ಟರಾಯಿತು ಎನ್ನುವಷ್ಟು ಸರಳ ಸಂಗತಿ ಇದಲ್ಲ. ಒಂದು ಲಿವರ್ ತಪ್ಪು ಸ್ಥಾನದಲ್ಲಿ ಉಳಿದರೆ ಗೇರ್‌ಬಾಕ್ಸ್ ದಾರಿಯಲ್ಲಿಯೇ ಸುಟ್ಟುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಬಿಡಲು ಮರೆತರೆ ಚಕ್ರದ ಡ್ರಮ್ ಕಾದು ಬೆಂಕಿ ಹತ್ತಬಹುದು. ಮುಂದೆ ಭಾರೀ ವಾಹನ ನಡೆಸುತ್ತಿರುವವನಿಗೆ ಹಿಂದಿನ ಜೀಪಿನ ಟೈರ್ ಸಿಡಿದದ್ದೂ ಹಲವು ಬಾರಿ ತಿಳಿಯುವುದಿಲ್ಲ. ಹೀಗಾಗಿಯೇ ಹೊರಡುವ ಮುನ್ನ ಜೀಪಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರುವುದು ಅಗತ್ಯ.

ಎಣ್ಣೆಯ ಪ್ರಶ್ನೆ

ವಾಹನವನ್ನು ಎಳೆದೊಯ್ಯಲು ಮೂರು ಮಾರ್ಗಗಳಿವೆ. ಇಡೀ ವಾಹನವನ್ನು ಟ್ರೇಲರ್ ಮೇಲೆ ಏರಿಸುವುದು ಒಂದು. ಮುಂದಿನ ಎರಡು ಚಕ್ರಗಳನ್ನು ಮಾತ್ರ ‘ಡಾಲಿ’ ಎಂಬ ಗಾಡಿಯ ಮೇಲೇರಿಸುವುದು ಇನ್ನೊಂದು. ನಾಲ್ಕೂ ಚಕ್ರಗಳನ್ನು ನೆಲದ ಮೇಲೆಯೇ ಬಿಟ್ಟು ಎಳೆಯುವುದು ಮೂರನೆಯದು. ಟ್ರೇಲರ್ ಎಲ್ಲಕ್ಕಿಂತ ಸುರಕ್ಷಿತ. ಆದರೆ ಅದರ ತೂಕವೇ ಟನ್ನಿನ ಆಸುಪಾಸಿನಲ್ಲಿರುತ್ತದೆ, ತಂಗುದಾಣದಲ್ಲಿ ಅದನ್ನು ನಿಲ್ಲಿಸಲು ಬೇರೆ ಜಾಗ ಹುಡುಕಬೇಕು. ಡಾಲಿ ಹಗುರ, ಆದರೆ ಫೋರ್-ವೀಲ್ ಡ್ರೈವ್ ವಾಹನಗಳಿಗೆ ಅದು ಹೊಂದುವುದಿಲ್ಲ. ಜೀಪ್ ರ್‍ಯಾಂಗ್ಲರ್‌ನ ಕೈಪಿಡಿಯು ಎರಡು ಚಕ್ರ ಎತ್ತಿ ಎಳೆಯುವುದನ್ನು ನಿಷೇಧಿಸುತ್ತದೆ. ಮೂರನೆಯ ಮಾರ್ಗದಲ್ಲಿ ಹೆಚ್ಚುವರಿ ಗಾಡಿಯೇ ಬೇಡ. ಹತ್ತು ನಿಮಿಷದಲ್ಲಿ ಕಟ್ಟಬಹುದು, ಅದಕ್ಕಿಂತ ಬೇಗ ಬಿಚ್ಚಬಹುದು.

ತೊಡಕಿರುವುದು ಎಣ್ಣೆಯಲ್ಲಿ. ವಾಹನವನ್ನು ಎಳೆದಾಗ ಚಕ್ರ ತಿರುಗುತ್ತದೆ. ಚಕ್ರ ತಿರುಗಿದರೆ ಆ್ಯಕ್ಸಲ್, ಆ್ಯಕ್ಸಲ್ ತಿರುಗಿದರೆ ಪ್ರೊಪೆಲ್ಲರ್ ಶಾಫ್ಟು, ಅದು ತಿರುಗಿದರೆ ಗೇರ್‌ಬಾಕ್ಸಿನ ಒಳಭಾಗ. ಶಕ್ತಿ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯನ್ನು ಎಲ್ಲೆಡೆಗೆ ಹಾಯಿಸುವ ಪಂಪು ಎಂಜಿನ್ ಕಡೆಯಿಂದ ನಡೆಯುತ್ತದೆ. ಎಂಜಿನ್ ಬಂದ್ ಇದ್ದರೆ ಪಂಪೂ ಬಂದ್. ಗೇರ್ ಲಿವರನ್ನು ನ್ಯೂಟ್ರಲ್‌ಗೆ ತಳ್ಳಿದ ಮಾತ್ರಕ್ಕೆ ಈ ಸಂಕಟ ತಪ್ಪುವುದಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಮತ್ತು ಚಕ್ರಗಳ ನಡುವಣ ಕೊಂಡಿ ಕಳಚಿರುತ್ತದೆಯೇ ಹೊರತು ಚಕ್ರದ ಕಡೆಯ ಭಾಗಗಳು ತಿರುಗುತ್ತಲೇ ಇರುತ್ತವೆ, ಒಣಗಿದ ಸ್ಥಿತಿಯಲ್ಲಿ. ಕೆಲವು ಮೈಲಿ ಇದನ್ನು ಸಹಿಸುವ ಗೇರ್‌ಬಾಕ್ಸು ನೂರಾರು ಮೈಲಿಗಳನ್ನು ಸಹಿಸದು. ಕೈಯಿಂದ ಬದಲಿಸುವ ಮ್ಯಾನುಯಲ್ ಗೇರ್‌ಬಾಕ್ಸುಗಳಲ್ಲಿಯೂ ಅನೇಕವು ತಳದಲ್ಲಿ ತಿರುಗುವ ಹಲ್ಲುಚಕ್ರಗಳು ಎರಚುವ ಎಣ್ಣೆಯನ್ನೇ ನಂಬಿವೆ. ಆ ಕೆಳಗಿನ ಚಕ್ರಗಳು ನಿಂತಿದ್ದು ಮೇಲಿನ ಶಾಫ್ಟು ಮಾತ್ರ ತಿರುಗಿದರೆ ಅಲ್ಲಿಯೂ ಇದೇ ಗತಿ.

ಸಾಧಾರಣ ಕಾರುಗಳ ಪೈಕಿ ಬೆರಳೆಣಿಕೆಯಷ್ಟು ಮಾತ್ರ ಈ ರೀತಿ ಎಳೆಯಲು ಯೋಗ್ಯವಾಗಿರುವುದು ಈ ಕಾರಣದಿಂದ. ಮೋಟಾರ್‌ಹೋಮ್ ಮಾಲೀಕರಿಗೆ ಪ್ರಿಯವಾಗಿದ್ದ ಹೋಂಡಾ ಸಿಆರ್-ವಿ ಕೂಡ 2014ರ ಮಾದರಿಯವರೆಗೆ ಮಾತ್ರ ಆ ಪಟ್ಟಿಯಲ್ಲಿತ್ತು. 2015ರಲ್ಲಿ ಅದಕ್ಕೆ ಸಿವಿಟಿ ಎಂಬ ಬೇರೆ ಬಗೆಯ ಗೇರ್‌ಬಾಕ್ಸ್ ಬಂದೊಡನೆ ಪಟ್ಟಿಯಿಂದ ಹೊರಬಿತ್ತು.

ಎರಡನೆಯ ಲಿವರಿನ ಮಹಿಮೆ

ಹಳೆಯ ಫೋರ್-ವೀಲ್ ಡ್ರೈವ್ ವಾಹನ ಗೆಲ್ಲುವುದು ಇಲ್ಲಿಯೇ. ಮಲೆನಾಡು, ಕೊಡಗಿನ ತೋಟಗಳಲ್ಲಿ ಜೀಪು ಓಡಿಸಿದವರಿಗೆ ಗೇರ್ ಲಿವರಿನ ಪಕ್ಕದಲ್ಲಿರುವ ಇನ್ನೊಂದು ಗಿಡ್ಡ ಲಿವರಿನ ಪರಿಚಯ ಇರುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ‘ಫೋರ್ ವೀಲ್’ ಹಾಕುವುದು ಅದರಿಂದಲೇ. ಆ ಲಿವರ್ ಆಳುವುದು ಗೇರ್‌ಬಾಕ್ಸನ್ನಲ್ಲ, ಅದರ ಹಿಂದೆ ಕುಳಿತಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನು. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ ಆ್ಯಕ್ಸಲ್‌ಗೆ ಮಾತ್ರ ಕೊಡಬೇಕೋ ಅಥವಾ ಎರಡಕ್ಕೂ ಹಂಚಬೇಕೋ ಎಂಬುದನ್ನು ನಿರ್ಧರಿಸುವ ಪೆಟ್ಟಿಗೆ ಅದು. 1987ರಿಂದ 1995ರವರೆಗೆ ಬಂದ ‘ವೈಜೆ’ ಮತ್ತು 1997ರಿಂದ 2006ರವರೆಗಿನ ‘ಟಿಜೆ’ ರ್‍ಯಾಂಗ್ಲರ್‌ಗಳಲ್ಲಿ, 2001ರಲ್ಲಿ ಉತ್ಪಾದನೆ ನಿಂತ ಚೌಕಾಕಾರದ ಚೆರೋಕಿಯಲ್ಲಿ ಈ ಲಿವರಿಗೆ ಸಾಮಾನ್ಯವಾಗಿ ನಾಲ್ಕು ಮುಖ್ಯ ಸ್ಥಾನಗಳು: ಎರಡು ಚಕ್ರದ ಚಾಲನೆ, ನಾಲ್ಕು ಚಕ್ರದ ವೇಗದ ಚಾಲನೆ, ನ್ಯೂಟ್ರಲ್, ನಾಲ್ಕು ಚಕ್ರದ ನಿಧಾನ ಚಾಲನೆ.

ಮೂರನೆಯದಾದ ಆ ನ್ಯೂಟ್ರಲ್ ಸ್ಥಾನವೇ ಇಡೀ ವಿಷಯದ ಕೀಲಿಕೈ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದರೆ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಚಕ್ರಗಳು ಎಷ್ಟು ಉರುಳಿದರೂ ಆ ಚಲನೆ ಟ್ರಾನ್ಸ್‌ಫರ್ ಕೇಸಿನೊಳಗೆ ಬಂದು ನಿಲ್ಲುತ್ತದೆ, ಗೇರ್‌ಬಾಕ್ಸು ಮಲಗಿರುತ್ತದೆ. ಹಾಗಾದರೆ ಟ್ರಾನ್ಸ್‌ಫರ್ ಕೇಸಿಗೆ ಎಣ್ಣೆ ಯಾರು ಕೊಡುತ್ತಾರೆ? ಈ ಜೀಪುಗಳಲ್ಲಿ ಹೆಚ್ಚಾಗಿ ಬಳಕೆಯಾದ ‘231’ ಸಂಖ್ಯೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ಅದಕ್ಕೆಂದೇ ಒಂದು ಚಿಕ್ಕ ಪಂಪು ಇದೆ. ಅದು ತಿರುಗುವುದು ಹಿಂದಿನ ಚಕ್ರಗಳ ಕಡೆಗೆ ಹೋಗುವ ಶಾಫ್ಟಿನಿಂದ. ಎಂಜಿನ್ ಸತ್ತಿದ್ದರೂ ಚಕ್ರ ಉರುಳುತ್ತಿರುವವರೆಗೆ ಪಂಪು ನಡೆಯುತ್ತದೆ, ಎಣ್ಣೆ ಹರಿಯುತ್ತದೆ. ಮೋಟಾರ್‌ಹೋಮ್ ಪ್ರವಾಸಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಇದನ್ನು ರೂಪಿಸಿರಲಾರರು. ಆದರೂ ಮೂವತ್ತು ವರ್ಷ ಹಳೆಯ ಜೀಪಿಗೆ ಇಂದೂ ಬೇಡಿಕೆ ಉಳಿದಿರುವುದರಲ್ಲಿ ಈ ಪುಟ್ಟ ಪಂಪಿನ ಪಾಲಿದೆ.

ಕೈಪಿಡಿಯಲ್ಲಿ ಹೇಳಿರುವ ಕ್ರಮ ಓದುವವರಿಗೆ ಮೊದಲಿಗೆ ವಿಚಿತ್ರವೆನಿಸುತ್ತದೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿರಬೇಕು. ಆದರೆ ಗೇರ್‌ಬಾಕ್ಸು ನ್ಯೂಟ್ರಲ್‌ನಲ್ಲಿ ಇರಬಾರದು. ಆಟೊಮ್ಯಾಟಿಕ್ ಆದರೆ ‘ಪಾರ್ಕ್’ನಲ್ಲಿ, ಮ್ಯಾನುಯಲ್ ಆದರೆ ಯಾವುದಾದರೊಂದು ಗೇರಿನಲ್ಲಿ ಇಡಬೇಕು. ಟ್ರಾನ್ಸ್‌ಫರ್ ಕೇಸಿನೊಳಗಿನ ಎಣ್ಣೆಯ ಎಳೆತದಿಂದ ಗೇರ್‌ಬಾಕ್ಸಿನ ಶಾಫ್ಟು ನಿಧಾನವಾಗಿಯಾದರೂ ತಿರುಗತೊಡಗಬಹುದು. ಪಾರ್ಕ್ ಅಥವಾ ಗೇರು ಅದನ್ನು ಬಿಗಿಹಿಡಿದು ನಿಲ್ಲಿಸುತ್ತದೆ. ಎರಡನ್ನೂ ನ್ಯೂಟ್ರಲ್‌ಗೆ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ತರ್ಕ ಸಹಜವಾದರೂ ಅಪಾಯಕಾರಿ.

ಲಿವರ್ ನ್ಯೂಟ್ರಲ್ ಗುರುತಿನ ಮುಂದೆ ನಿಂತಿದೆ ಎಂದು ಕಣ್ಣಿನಿಂದ ನೋಡಿ ತೃಪ್ತಿಪಡುವಂತಿಲ್ಲ. ಹಳೆಯ ಜೀಪುಗಳಲ್ಲಿ ಲಿವರಿನಿಂದ ಪೆಟ್ಟಿಗೆಗೆ ಹೋಗುವ ಸರಳುಗಳ ಬುಷ್‌ಗಳು ಸವೆದಿರುತ್ತವೆ. ಲಿವರ್ ಒಂದು ಹೇಳಿದರೆ ಒಳಗಿನ ಗೇರು ಇನ್ನೊಂದು ಮಾಡುತ್ತಿರಬಹುದು. ಆದುದರಿಂದ ಪರೀಕ್ಷೆ ಕಡ್ಡಾಯ. ಜೀಪನ್ನು ಕಟ್ಟಿದ ಮೇಲೆ ಎಂಜಿನ್ ಚಾಲೂ ಮಾಡಿ, ಆಟೊಮ್ಯಾಟಿಕ್ ಆದರೆ ಒಮ್ಮೆ ರಿವರ್ಸ್‌ಗೆ, ಒಮ್ಮೆ ಡ್ರೈವ್‌ಗೆ ಹಾಕಿ, ಮ್ಯಾನುಯಲ್ ಆದರೆ ಗೇರು ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟು ನೋಡಬೇಕು. ವಾಹನ ಒಂದಿಂಚೂ ಅಲುಗಬಾರದು. ಅಲುಗಿದರೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದಿಲ್ಲವೆಂದೇ ಅರ್ಥ. ಅನಂತರ ಎಂಜಿನ್ ಬಂದ್ ಮಾಡಿ, ಪಾರ್ಕ್ ಅಥವಾ ಗೇರಿಗೆ ಹಾಕಿ, ಸ್ಟೀರಿಂಗ್ ಬೀಗ ಬೀಳದ ಸ್ಥಾನದಲ್ಲಿ ಕೀಲಿಯನ್ನು ನಿಲ್ಲಿಸಿ, ಕಡೆಯದಾಗಿ ಹ್ಯಾಂಡ್‌ಬ್ರೇಕ್ ಬಿಡಬೇಕು. ಸ್ಟೀರಿಂಗ್ ಬೀಗ ಬಿದ್ದರೆ ಮೊದಲ ತಿರುವಿನಲ್ಲಿಯೇ ಮುಂದಿನ ಟೈರುಗಳು ರಸ್ತೆಯ ಮೇಲೆ ಅಡ್ಡಲಾಗಿ ಉಜ್ಜತೊಡಗುತ್ತವೆ.

ಎಲ್ಲವೂ ಒಂದೇ ಅಲ್ಲ

ಫೋರ್-ವೀಲ್ ಡ್ರೈವ್ ಎಂಬ ಹೆಸರಿದ್ದ ಮಾತ್ರಕ್ಕೆ ಈ ಸೌಕರ್ಯ ಇದ್ದೇ ಇರುತ್ತದೆ ಎನ್ನುವಂತಿಲ್ಲ. 1999ರಿಂದ 2004ರವರೆಗಿನ ಗ್ರ್ಯಾಂಡ್ ಚೆರೋಕಿಯನ್ನೇ ತೆಗೆದುಕೊಳ್ಳಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಆದರೆ ‘ಕ್ವಾಡ್ರಾ-ಟ್ರ್ಯಾಕ್ 2’ ಇರುವ ವಾಹನಕ್ಕೆ ನ್ಯೂಟ್ರಲ್ ಇದೆ, ‘ಕ್ವಾಡ್ರಾ-ಟ್ರ್ಯಾಕ್ 1’ ಇರುವುದಕ್ಕೆ ಎರಡನೆಯ ಲಿವರೇ ಇಲ್ಲ. ಮೊದಲನೆಯದನ್ನು ಎಳೆಯಬಹುದು, ಎರಡನೆಯದನ್ನು ಟ್ರೇಲರ್ ಮೇಲೆ ಏರಿಸಬೇಕು. ಗುಂಡಿ ಒತ್ತಿ ಫೋರ್ ವೀಲ್ ಹಾಕುವ ಏರ್ಪಾಡು ಬಂದ ಮೇಲೆ ಬೇರೆ ಕಂಪನಿಗಳ ಕೆಲವು ವಾಹನಗಳಲ್ಲಿಯೂ ನ್ಯೂಟ್ರಲ್ ಮಾಯವಾಯಿತು. ಹಳೆಯ ವಾಹನ ಕೊಳ್ಳುವವರು ಬಣ್ಣ, ಬಂಪರುಗಳನ್ನು ನೋಡುವ ಮೊದಲು ಆ ಲಿವರಿನ ಮೇಲೆ ಕೆತ್ತಿರುವ ಅಕ್ಷರಗಳನ್ನು ಓದುವುದು ಲೇಸು.

ಸುಜುಕಿಯದು ಇನ್ನೊಂದು ಬಗೆ. ಭಾರತದಲ್ಲಿ 1985ರಲ್ಲಿ ರಸ್ತೆಗಿಳಿದು 2019ರವರೆಗೂ ಮಾರಾಟದಲ್ಲಿದ್ದ ಮಾರುತಿ ಜಿಪ್ಸಿಯ ಸೋದರನೇ ಅಮೆರಿಕದಲ್ಲಿ ‘ಸಮುರಾಯ್’ ಎಂಬ ಹೆಸರಿನಿಂದ 1995ರವರೆಗೆ ಮಾರಾಟವಾಯಿತು. ಸುಮಾರು ಒಂದು ಟನ್ ತೂಗುವ ಈ ಪುಟ್ಟ ವಾಹನ ಚಿಕ್ಕ ಮೋಟಾರ್‌ಹೋಮ್‌ಗಳಿಗೆ ಹೇಳಿ ಮಾಡಿಸಿದಂತಿತ್ತು. ಅದರ ನಂತರ ಬಂದ ‘ಸೈಡ್‌ಕಿಕ್’ನಂಥ ಮಾದರಿಗಳಿಗೆ ಮಾತ್ರ ಒಂದು ನಿಬಂಧನೆಯಿತ್ತು. ಸುಮಾರು 200 ಮೈಲಿಗೊಮ್ಮೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಟ್ರಾನ್ಸ್‌ಫರ್ ಕೇಸಿನೊಳಗೆ ಎಣ್ಣೆ ಮತ್ತೆ ಹರಡುವಂತೆ ಮಾಡಬೇಕಿತ್ತು. ಇಂಥ ನಿಬಂಧನೆ ಯಾವ ವಾಹನಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಆಯಾ ವರ್ಷದ, ಆಯಾ ಮಾದರಿಯ ಮಾಲೀಕರ ಕೈಪಿಡಿ ಮಾತ್ರ ಹೇಳಬಲ್ಲದು. ಪಕ್ಕದ ತಂಗುದಾಣದವರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಅವರ ವಾಹನದ ಅನುಭವ.

ಇನ್ನೂ ಹಳೆಯ ಜೀಪುಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುವುವ ಗುಂಡು ಬಿಲ್ಲೆಯೊಂದಿರುತ್ತದೆ. ಅದಕ್ಕೆ ಲಾಕಿಂಗ್ ಹಬ್ ಎಂದು ಹೆಸರು. ಯುದ್ಧ ಮುಗಿದ ಮೇಲೆ ಸೇನೆಯಿಂದ ಹೊರಬಂದ ವಿಲ್ಲಿಸ್ ಜೀಪುಗಳನ್ನು ಸಾಮಾನ್ಯ ರಸ್ತೆಗೆ ಒಗ್ಗಿಸುವ ಸಲುವಾಗಿ 1948ರಲ್ಲಿ ಅಮೆರಿಕದ ವಾರ್ನ್ ಕಂಪನಿ ಇಂಥ ಹಬ್‌ಗಳನ್ನು ತಯಾರಿಸತೊಡಗಿತು. ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿದ್ದೂ ಅದೇ ದಶಕದ ಕೊನೆಯಲ್ಲಿ. ಹಬ್ಬನ್ನು ಬಿಡಿಸಿಟ್ಟರೆ ಎಳೆಯುವಾಗ ಮುಂದಿನ ಚಕ್ರ ಮಾತ್ರ ತಿರುಗುತ್ತದೆ. ಒಳಗಿನ ಆ್ಯಕ್ಸಲ್, ಹಲ್ಲುಚಕ್ರ, ಶಾಫ್ಟುಗಳು ನಿಂತಿರುತ್ತವೆ. ಸವೆತ ಕಡಿಮೆ, ಎಳೆಯುವುದೂ ಹಗುರ. ಆದರೆ ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಹಬ್ ಇರುವುದಿಲ್ಲವಾದ್ದರಿಂದ ಟ್ರಾನ್ಸ್‌ಫರ್ ಕೇಸಿನ ನ್ಯೂಟ್ರಲ್ ಆಗಲೂ ಬೇಕೇ ಬೇಕು. ಹಬ್ ಬಿಡಿಸಿದ್ದೇನೆ, ಇನ್ನೇನೂ ಬೇಕಿಲ್ಲ ಎಂದು ಹೊರಟರೆ ಗೇರ್‌ಬಾಕ್ಸು ಹಿಂದಿನಿಂದ ತಿರುಗತೊಡಗುತ್ತದೆ.

ಕಟ್ಟುವ ಕೊಂಡಿ

ಜೀಪನ್ನು ಮೋಟಾರ್‌ಹೋಮ್‌ಗೆ ಜೋಡಿಸುವುದು ‘ಎ’ ಅಕ್ಷರದ ಆಕಾರದ ಟೋ ಬಾರ್. ಅದರ ತುದಿ ಮೋಟಾರ್‌ಹೋಮ್‌ನ ಹಿಂದಿರುವ ಕೊಂಡಿಗೆ, ಎರಡು ಕಾಲುಗಳು ಜೀಪಿನ ಮುಂಭಾಗಕ್ಕೆ. ಹಿಂದೆ ಇದು ಬಿಗಿಯಾದ ಕಬ್ಬಿಣದ ಚೌಕಟ್ಟಾಗಿತ್ತು. ಜೀಪನ್ನು ಕೂದಲೆಳೆಯಷ್ಟೂ ತಪ್ಪದಂತೆ ತಂದು ನಿಲ್ಲಿಸಿ ಕಟ್ಟಬೇಕಿತ್ತು. ಈಗ ಕಾಲುಗಳು ಉದ್ದಕ್ಕೆ ಚಾಚಿ, ವಾಹನ ಮುಂದೆ ಸಾಗಿದೊಡನೆ ತಾವಾಗಿಯೇ ಬಿಗಿದುಕೊಳ್ಳುವ ಬಾರ್‌ಗಳು ಬಂದಿವೆ. ರೋಡ್‌ಮಾಸ್ಟರ್, ಬ್ಲೂ ಆಕ್ಸ್ ಮುಂತಾದವು ಈ ವ್ಯಾಪಾರದಲ್ಲಿ ಪ್ರಸಿದ್ಧ ಹೆಸರುಗಳು.

ಬಾರ್ ಎಷ್ಟು ಗಟ್ಟಿಯಾಗಿದ್ದರೂ ಅದು ಹಿಡಿದುಕೊಳ್ಳುವ ಜಾಗ ಗಟ್ಟಿಯಾಗಿರಬೇಕು. ರ್‍ಯಾಂಗ್ಲರ್‌ಗೆ ಪ್ರತ್ಯೇಕ ಉಕ್ಕಿನ ಚಾಸಿ ಇದೆ. ಕೊಂಡಿಯ ಪಟ್ಟಿಗಳನ್ನು ಅದಕ್ಕೆ ಬೋಲ್ಟ್ ಮಾಡಬಹುದು. ಚೆರೋಕಿಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ. ತಗಡಿನ ಪದರಗಳಿಂದಾದ ಅದರ ಮುಂದಿನ ತೊಲೆಗಳಿಗೆ, ಆ ಮಾದರಿಗೆಂದೇ ತಯಾರಾದ ಪಟ್ಟಿಯನ್ನು ಹಲವು ಕಡೆ ಬಿಗಿಯಬೇಕಾಗುತ್ತದೆ. ಕೇವಲ ಬಂಪರಿಗೆ ಕಟ್ಟುವುದು ಆತ್ಮಹತ್ಯೆಗೆ ಸಮಾನ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಿಂದ ಬಂದ ಹಳೆಯ ವಾಹನವಾದರೆ ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಸುತ್ತಿಗೆಯಿಂದ ತಟ್ಟಿ ನೋಡಿದ ಮೇಲೆಯೇ ಮುಂದಿನ ಮಾತು.

ಬಾರ್ ನೆಲಕ್ಕೆ ಸಮಾನಾಂತರವಾಗಿರಬೇಕೆಂಬುದು ಇನ್ನೊಂದು ನಿಯಮ. ಎರಡು ತುದಿಗಳ ಎತ್ತರದಲ್ಲಿ ಮೂರು, ನಾಲ್ಕು ಇಂಚಿಗಿಂತ ಹೆಚ್ಚು ಅಂತರ ಸಲ್ಲದು. ದೊಡ್ಡ ಟೈರು ಹಾಕಿ ಸಸ್ಪೆನ್ಷನ್ ಎತ್ತರಿಸಿದ ಜೀಪುಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಓರೆಯಾದ ಬಾರ್ ಒಂದು ವಾಹನವನ್ನು ಮೇಲಕ್ಕೆತ್ತಿ ಇನ್ನೊಂದನ್ನು ಕೆಳಕ್ಕೊತ್ತುತ್ತದೆ. ಬಾರ್ ಅಕಸ್ಮಾತ್ ಕಳಚಿದರೂ ಜೀಪು ದಾರಿ ತಪ್ಪದಿರಲೆಂದು ಎರಡು ಸರಪಳಿ ಅಥವಾ ಉಕ್ಕಿನ ಹಗ್ಗಗಳನ್ನು ಬಾರಿನ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸುತ್ತಾರೆ. ಬಿದ್ದ ಬಾರ್ ತೊಟ್ಟಿಲಿನಲ್ಲಿ ಬಿದ್ದಂತೆ ಅವುಗಳ ಮೇಲೆ ನಿಲ್ಲುತ್ತದೆ.

ನಿಲ್ಲಿಸುವ ಲೆಕ್ಕ

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದಲ್ಲಿರುವ ವಾಹನದ ಚಲನಶಕ್ತಿಯು ಅದೇ ವಾಹನ 36 ಮೀಟರ್ ಎತ್ತರದಿಂದ ಬಿದ್ದಾಗಿನ ಶಕ್ತಿಗೆ ಸಮ. 3,300 ಪೌಂಡ್, ಅಂದರೆ ಸುಮಾರು ಒಂದೂವರೆ ಟನ್ನಿನ ಜೀಪು ಹನ್ನೆರಡು ಅಂತಸ್ತಿನ ಕಟ್ಟಡದ ಮೇಲಿನಿಂದ ಬೀಳುತ್ತಿದೆ ಎಂದು ಊಹಿಸಿದರೆ ಮೋಟಾರ್‌ಹೋಮ್‌ನ ಬ್ರೇಕಿನ ಮೇಲೆ ಬೀಳುವ ಹೆಚ್ಚುವರಿ ಹೊರೆ ಅರ್ಥವಾಗುತ್ತದೆ.

ಮೋಟಾರ್‌ಹೋಮ್‌ಗೆ ಎರಡು ಗರಿಷ್ಠ ತೂಕಗಳನ್ನು ನಿಗದಿ ಮಾಡಿರುತ್ತಾರೆ. ತನ್ನ ಚಕ್ರಗಳ ಮೇಲೆ ಹೊರಬಹುದಾದ ತೂಕ ಒಂದು; ಎಳೆಯುವ ವಾಹನವೂ ಸೇರಿ ಒಟ್ಟು ತೂಕ ಇನ್ನೊಂದು. ಮೊದಲನೆಯದು 14,500 ಪೌಂಡ್, ಎರಡನೆಯದು 20,000 ಪೌಂಡ್ ಇರುವ ಮೋಟಾರ್‌ಹೋಮ್ ಒಂದನ್ನು ಕಲ್ಪಿಸಿಕೊಳ್ಳಬಹುದು. ಅದು ಪೂರ್ತಿ ತುಂಬಿದ್ದರೆ ಜೀಪಿಗೆ ಉಳಿಯುವುದು 5,500 ಪೌಂಡ್. ಆದರೆ ಹಿಂದಿನ ಕೊಂಡಿಯ ಮೇಲೆ 5,000 ಎಂದು ಬರೆದಿದ್ದರೆ 5,000ವೇ ಮಿತಿ. ಎರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು. ಜೀಪಿನೊಳಗೆ ತುಂಬಿದ ಡೇರೆ, ನೀರಿನ ಕ್ಯಾನು, ಸ್ಪೇರ್ ಚಕ್ರಗಳ ತೂಕವೂ ಇದರಲ್ಲಿ ಸೇರಬೇಕು. ಇದಕ್ಕಿಂತ ಮುಖ್ಯವಾದುದೊಂದು ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ: ಚಾಸಿ ತಯಾರಕರು ಬ್ರೇಕನ್ನು ಸಾಮಾನ್ಯವಾಗಿ ಮೊದಲನೆಯ ತೂಕಕ್ಕೆ ಮಾತ್ರ ಲೆಕ್ಕ ಹಾಕಿರುತ್ತಾರೆ. ಅದರಾಚೆಯದನ್ನು ಎಳೆಯಲು ಎಂಜಿನ್ನಿಗೆ ಶಕ್ತಿಯಿದೆ, ಆದರೆ ಅದು ನಿಲ್ಲಬೇಕಾದುದು ತನ್ನದೇ ಬ್ರೇಕಿನಿಂದ.

ಆದುದರಿಂದ ಜೀಪಿಗೆ ಪೂರಕ ಬ್ರೇಕ್ ವ್ಯವಸ್ಥೆ ಅಳವಡಿಸುತ್ತಾರೆ. ಚಾಲಕನ ಆಸನದ ಮುಂದೆ ಇಡುವ ಪೆಟ್ಟಿಗೆಯೊಂದು, ವೇಗ ತಗ್ಗಿದ್ದನ್ನು ಗ್ರಹಿಸಿ, ಕಾಲಿನಂತೆ ಪೆಡಲನ್ನು ಒತ್ತುವುದು ಸುಲಭದ ಬಗೆ. ಮೋಟಾರ್‌ಹೋಮ್‌ನ ಗಾಳಿ ಬ್ರೇಕಿಗೆ ನೇರವಾಗಿ ಜೋಡಿಸುವ ಶಾಶ್ವತ ಏರ್ಪಾಡುಗಳೂ ಇವೆ. ಎಂಜಿನ್ ಬಂದ್ ಆಗಿರುವಾಗ ಪವರ್ ಬ್ರೇಕಿನ ನೆರವು ಇರುವುದಿಲ್ಲ, ಪೆಡಲು ಕಲ್ಲಿನಂತೆ ಗಟ್ಟಿಯಾಗಿರುತ್ತದೆ ಎಂಬುದನ್ನು ಗಮನಿಸಿ ಪೆಟ್ಟಿಗೆಯ ಒತ್ತಡವನ್ನು ಹೊಂದಿಸಬೇಕು. ಒತ್ತಡ ಹೆಚ್ಚಾದರೆ ಬ್ರೇಕು ಸದಾ ಉಜ್ಜಿ ಸುಡುತ್ತದೆ. ಬಾರ್ ಮುರಿದು ಜೀಪು ಬೇರ್ಪಟ್ಟರೆ ತಂತಿಯೊಂದು ಸೆಳೆಯಲ್ಪಟ್ಟು ಜೀಪಿನ ಬ್ರೇಕು ತಾನಾಗಿ ಬೀಳುವಂತೆಯೂ ವ್ಯವಸ್ಥೆ ಮಾಡುತ್ತಾರೆ. ಎಷ್ಟು ತೂಕದ ಮೇಲೆ ಇದೆಲ್ಲ ಕಡ್ಡಾಯ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅನೇಕ ಕಡೆ 3,000 ಪೌಂಡ್ ಗಡಿಯಾಗಿದೆ. ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ವಾಹನವನ್ನು ಎಳೆಯುತ್ತಿರುವ ಯಾವುದೇ ವಾಹನ ಗಂಟೆಗೆ 55 ಮೈಲಿ ಮೀರುವಂತಿಲ್ಲ.

ದಾರಿಯಲ್ಲಿ

ಮುಂದಕ್ಕೆ ಎಳೆಯುವಾಗ ಜೀಪಿನ ಮುಂದಿನ ಚಕ್ರಗಳು ತಾವಾಗಿ ತಿರುಗುವುದಕ್ಕೆ ಅವುಗಳ ತಿರುಗು ಅಚ್ಚು ತುಸು ಹಿಂದಕ್ಕೆ ವಾಲಿರುವುದೇ ಕಾರಣ. ಸೈಕಲ್ಲನ್ನು ಹಿಡಿಕೆ ಮುಟ್ಟದೆ ಸೀಟು ಹಿಡಿದು ಮುಂದಕ್ಕೆ ತಳ್ಳಿದರೂ ಅದು ನೇರವಾಗಿ ಹೋಗುವುದು ಬಹುಪಾಲು ಈ ಕಾರಣದಿಂದಲೇ. ಹಿಂದಕ್ಕೆ ತಳ್ಳಿದರೆ ಸೈಕಲ್ಲಿನ ಹಿಡಿಕೆ ಪಟ್ಟನೆ ಹೊರಳುತ್ತದೆ. ಜೀಪಿನದೂ ಅದೇ ಕಥೆ. ಕಟ್ಟಿಕೊಂಡ ಸ್ಥಿತಿಯಲ್ಲಿ ಮೋಟಾರ್‌ಹೋಮ್‌ನ್ನು ರಿವರ್ಸ್ ತೆಗೆದುಕೊಂಡರೆ ಚಕ್ರಗಳು ಒಂದು ಬದಿಗೆ ಪೂರ್ತಿ ಹೊರಳಿ ನಿಲ್ಲುತ್ತವೆ, ಟೋ ಬಾರ್ ಬಾಗುತ್ತದೆ. ಪೆಟ್ರೋಲ್ ಬಂಕಿನೊಳಗೆ ನುಗ್ಗುವ ಮೊದಲೇ ಹೊರಬರುವ ದಾರಿ ನೋಡಿಕೊಳ್ಳಬೇಕು. ಸಿಕ್ಕಿಕೊಂಡರೆ ಜೀಪನ್ನು ಬಿಚ್ಚುವುದೊಂದೇ ಉಪಾಯ.

ಹಳೆಯ ಜೀಪುಗಳಿಗೆ ವಿಶೇಷವಾದ ಕಾಯಿಲೆಯೊಂದಿದೆ. ಒಂದೇ ಗಟ್ಟಿ ದಂಡದ ಮುಂದಿನ ಆ್ಯಕ್ಸಲ್ ಇರುವ ಇವುಗಳಲ್ಲಿ ಸ್ಟೀರಿಂಗಿನ ಕೀಲುಗಳು ಸವೆದಿದ್ದರೆ, ರಸ್ತೆಯ ಒಂದು ಉಬ್ಬು ತಾಗಿದ್ದೇ ತಡ, ಮುಂದಿನ ಚಕ್ರಗಳು ಎಡಬಲಕ್ಕೆ ಹುಚ್ಚೆದ್ದು ಕಂಪಿಸತೊಡಗುತ್ತವೆ. ಜೀಪು ಓಡಿಸುವವರು ಇದನ್ನು ‘ಸಾವಿನ ನಡುಕ’ ಎಂದೇ ಕರೆಯುತ್ತಾರೆ. ಆಸನದಲ್ಲಿ ಚಾಲಕನಿದ್ದರೆ ಕೂಡಲೇ ನಿಧಾನಿಸುತ್ತಾನೆ. ಎಳೆಯುವಾಗ ಅಲ್ಲಿ ಯಾರೂ ಇರುವುದಿಲ್ಲ. ಹಿಂಬದಿಯ ಕ್ಯಾಮೆರಾ ಐಷಾರಾಮವಲ್ಲ ಎನ್ನುವುದು ಇದಕ್ಕೇ. ಟೈರಿನ ಗಾಳಿ ಇಳಿದರೆ ಮುಂದಿನ ಚಾಲಕನಿಗೆ ಸೂಚನೆ ಕಳಿಸುವ ಪುಟ್ಟ ಸಾಧನಗಳೂ ದೊರೆಯುತ್ತವೆ. ಹೊರಟು ಹತ್ತು ಮೈಲಿ ಆದ ಮೇಲೆ ಒಮ್ಮೆ ನಿಲ್ಲಿಸಿ, ಜೀಪಿನ ನಾಲ್ಕು ಚಕ್ರಗಳ ಸಮೀಪ ಕೈ ಹಿಡಿದು ಯಾವುದಾದರೂ ಅತಿಯಾಗಿ ಕಾದಿದೆಯೇ ಎಂದು ನೋಡುವ ರೂಢಿ ಅನುಭವಿಗಳಲ್ಲಿದೆ.

ಜೀಪಿನ ಹಿಂದಿನ ದೀಪಗಳು ಮೋಟಾರ್‌ಹೋಮ್‌ನ ಸೂಚನೆಯಂತೆ ಬೆಳಗಬೇಕು. ಎರಡು ವಾಹನಗಳ ವಿದ್ಯುತ್ ಪರಸ್ಪರ ನುಗ್ಗದಂತೆ ಡಯೋಡ್‌ಗಳನ್ನು ಹಾಕಿ ತಂತಿ ಎಳೆಯುತ್ತಾರೆ. ಆಗಾಗ ಎಳೆಯದವರು ಅಯಸ್ಕಾಂತದಿಂದ ಅಂಟುವ ದೀಪಗಳನ್ನು ಬಳಸುತ್ತಾರೆ.

ಹಳೆಯ ಜೀಪು ಕೊಳ್ಳುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಕೇಬಲ್‌ನಿಂದ ನಡೆಯುವ ಹಳೆಯ ಮೀಟರುಗಳು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿನಿಂದ ತಿರುಗುತ್ತವೆ; ಎಂಜಿನ್ ಬಂದ್ ಇದ್ದರೂ ಮೈಲಿಗಳು ಏರುತ್ತವೆ. ಆದುದರಿಂದ ಮೀಟರ್ ತೋರಿಸುವಷ್ಟು ಎಂಜಿನ್ ದುಡಿದಿಲ್ಲದಿರಬಹುದು. ಟಿಜೆಯಂಥ ಎಲೆಕ್ಟ್ರಾನಿಕ್ ಮೀಟರಿನದು ತದ್ವಿರುದ್ಧ: ಕೀಲಿ ಆಫ್ ಆಗಿದ್ದಾಗ ಅದು ಏನನ್ನೂ ಎಣಿಸುವುದಿಲ್ಲ, ಆದರೆ ಆ್ಯಕ್ಸಲ್, ಬೇರಿಂಗ್, ಟೈರುಗಳು ಸಾವಿರಾರು ಮೈಲಿ ಸವೆದಿರುತ್ತವೆ. ಮುಂದೆ ಟೋ ಬಾರಿನ ಪಟ್ಟಿ ಕಂಡರೆ ಮೀಟರನ್ನು ಪೂರ್ತಿ ನಂಬಬಾರದು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಾಡಿಗೆಯ ಮೋಟಾರ್‌ಹೋಮ್‌ನಲ್ಲಿ ಸುತ್ತಾಡುವ ಕನ್ನಡಿಗ ಕುಟುಂಬಗಳೂ ಉಂಟು. ಬಾಡಿಗೆಯ ಕರಾರುಗಳು ಸಾಮಾನ್ಯವಾಗಿ ಬೇರೆ ವಾಹನ ಎಳೆಯಲು ಅವಕಾಶ ಕೊಡುವುದಿಲ್ಲ. ಸಹಿ ಹಾಕುವ ಮೊದಲು ಓದಬೇಕು. ಇತ್ತ ಭಾರತದಲ್ಲಿ 1989ರ ರಸ್ತೆ ನಿಯಮಗಳು ಕೆಟ್ಟುನಿಂತ ವಾಹನ, ಪೂರ್ತಿ ಜೋಡಣೆಯಾಗದ ವಾಹನ, ನೋಂದಾಯಿತ ಟ್ರೇಲರ್ ಮತ್ತು ಸೈಡ್‌ಕಾರುಗಳ ಹೊರತು ಬೇರೇನನ್ನೂ ಎಳೆಯುವಂತಿಲ್ಲ ಎಂದಿದ್ದವು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ಚಾಲನಾ ನಿಯಮಾವಳಿ ಬಂದಿತು. ಓಡುವ ಸ್ಥಿತಿಯಲ್ಲಿರುವ ಜೀಪನ್ನು ವಿಹಾರಕ್ಕೆಂದು ಕಟ್ಟಿ ಎಳೆಯುವ ಪದ್ಧತಿ ಇಲ್ಲಿ ಬೇರೂರಿಲ್ಲ.

ಬಿಚ್ಚುವ ಗಳಿಗೆ

ಎಳೆಯುವಾಗ ಜೀಪನ್ನು ಕಾಪಾಡಿದ ನ್ಯೂಟ್ರಲ್, ಬಿಚ್ಚುವಾಗ ಅಪಾಯವಾಗುತ್ತದೆ. ಪಾರ್ಕ್‌ನಲ್ಲಿಟ್ಟ ವಾಹನ ನಿಂತಲ್ಲಿಯೇ ನಿಲ್ಲುತ್ತದೆ ಎಂಬುದು ಆಟೊಮ್ಯಾಟಿಕ್ ಓಡಿಸುವವರ ರಕ್ತಗತ ನಂಬಿಕೆ. ಆದರೆ ಪಾರ್ಕ್ ಹಿಡಿದಿರುವುದು ಗೇರ್‌ಬಾಕ್ಸಿನ ಶಾಫ್ಟನ್ನು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಆ ಶಾಫ್ಟಿಗೂ ಚಕ್ರಕ್ಕೂ ಸಂಬಂಧವಿಲ್ಲ. ಲಿವರ್ ಪಾರ್ಕ್‌ನಲ್ಲಿದೆ, ಜೀಪು ಇಳಿಜಾರಿನಲ್ಲಿ ಉರುಳಿ ಹೋಗುತ್ತಿದೆ. ಮ್ಯಾನುಯಲ್ ವಾಹನವನ್ನು ಗೇರಿನಲ್ಲಿ ಬಿಟ್ಟಿದ್ದರೂ ಇದೇ ಸ್ಥಿತಿ.

ಇದು ಕೇವಲ ಊಹೆಯ ಭಯವಲ್ಲ. 2013ರ ಮೇ ತಿಂಗಳಲ್ಲಿ ಕ್ರೈಸ್ಲರ್ ಕಂಪನಿ 2005ರಿಂದ 2010ರವರೆಗಿನ ಗ್ರ್ಯಾಂಡ್ ಚೆರೋಕಿ ಹಾಗೂ 2006ರಿಂದ 2010ರವರೆಗಿನ ಕಮಾಂಡರ್ ವಾಹನಗಳನ್ನು, ಜಗತ್ತಿನಾದ್ಯಂತ ಸುಮಾರು 4.69 ಲಕ್ಷ, ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಎಲೆಕ್ಟ್ರಾನಿಕ್ ದೋಷದಿಂದ ಟ್ರಾನ್ಸ್‌ಫರ್ ಕೇಸ್ ತಾನಾಗಿಯೇ ನ್ಯೂಟ್ರಲ್‌ಗೆ ಜಾರಿ, ಹ್ಯಾಂಡ್‌ಬ್ರೇಕ್ ಹಾಕದೆ ನಿಲ್ಲಿಸಿದ ವಾಹನ ಉರುಳುವ ಸಾಧ್ಯತೆ ಇದ್ದುದೇ ಅದಕ್ಕೆ ಕಾರಣ. ಅಲ್ಲಿ ತಪ್ಪು ಯಂತ್ರದ್ದು. ಎಳೆಯುವವರು ಇದೇ ಸ್ಥಿತಿಯನ್ನು ಪ್ರತಿ ಪ್ರಯಾಣದಲ್ಲಿಯೂ ತಾವೇ ಕೈಯಾರೆ ಸೃಷ್ಟಿಸುತ್ತಾರೆ.

ಹೀಗಾಗಿ ಬಿಚ್ಚುವ ಕ್ರಮ ಕಟ್ಟುವುದಕ್ಕೆ ತದ್ವಿರುದ್ಧ. ತಂಗುದಾಣದಲ್ಲಿ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಟೋ ಬಾರಿನ ಪಿನ್ನಿಗೆ ಕೈ ಹಾಕುವ ಮೊದಲು ಜೀಪಿನೊಳಗೆ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಅನಂತರ ಬ್ರೇಕ್ ಪೆಡಲು ಒತ್ತಿಹಿಡಿದು ಟ್ರಾನ್ಸ್‌ಫರ್ ಕೇಸನ್ನು ಎರಡು ಚಕ್ರದ ಚಾಲನೆಗೆ ತರಬೇಕು. ಹಳೆಯ ಪೆಟ್ಟಿಗೆಯ ಹಲ್ಲುಗಳು ಒಮ್ಮೆಗೇ ಕೂಡಿಕೊಳ್ಳದೆ ಲಿವರ್ ಹಠ ಹಿಡಿಯುವುದುಂಟು. ಎಂಜಿನ್ ಚಾಲೂ ಮಾಡಿ ಗೇರನ್ನು ಒಮ್ಮೆ ಬದಲಿಸಿ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಬೀಳುತ್ತದೆ. ಡ್ರೈವ್‌ಗೆ ಹಾಕಿದಾಗ ಜೀಪು ಮುಂದಕ್ಕೆ ತುಸು ಮಿಸುಕಿದರೆ ಚಕ್ರಗಳಿಗೆ ಮತ್ತೆ ಗೇರ್‌ಬಾಕ್ಸಿನ ಹಿಡಿತ ಬಂದಿದೆ ಎಂದರ್ಥ. ಪಾರ್ಕ್‌ಗೆ ಹಾಕಿ ಎಂಜಿನ್ ನಿಲ್ಲಿಸಿ, ಪೂರಕ ಬ್ರೇಕಿನ ಪೆಟ್ಟಿಗೆಯನ್ನು ಪೆಡಲಿನಿಂದ ಬಿಡಿಸಿ, ಒಂದು ಚಕ್ರದ ಹಿಂದೆ ಮುಂದೆ ಮರದ ತುಂಡು ಇಟ್ಟ ಮೇಲೆ ಪಿನ್ನು, ತಂತಿ, ಕಡೆಯಲ್ಲಿ ಸರಪಳಿಗಳನ್ನು ಕಳಚಬಹುದು.